ಹಸುವಿನ ಕಾಲಿಗೆ ಮ್ಯಾಟು, ಹಾಲು ಕರೆಯುವವಳ ಕಾಲಿಗೆ ಏನು?

ಕಳೆದ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯ ಎಚ್‌ಎಫ್ ಮಿಶ್ರತಳಿ ಹಸು ಒಂದು ಹಿಂಗಾಲು ಊರದೆ ನಿಂತುಬಿಟ್ಟಿತು. ಎರಡನೇ ಕರು ಹಾಕಿ ಎರಡು ತಿಂಗಳಾಗಿತ್ತು. ಹೊತ್ತಿಗೆ ಒಂಬತ್ತು ಲೀಟರ್ ಕೊಡುತ್ತಿದ್ದ ಹಸು. ನಾನು ಮುಖ ತೊಳೆಯುವುದನ್ನೂ ಬಿಟ್ಟು ಪಶುವೈದ್ಯರಿಗೆ ಫೋನ್ ಮಾಡಿದೆ. ಹತ್ತು ಗಂಟೆಯೊಳಗೆ ಬಂದರು. ಕಾಲು ಕಟ್ಟಿ, ಗೊರಸು ಎತ್ತಿ, ಕೆರೆದು, ಒಳಗೆ ಸಿಕ್ಕಿಕೊಂಡಿದ್ದ ಚೂಪು ಕಲ್ಲನ್ನು ತೆಗೆದು ಔಷಧಿ ಹಾಕಿ ಪಟ್ಟಿ ಕಟ್ಟಿದರು. ಅವರಿಗೆ ಕೈ ತೊಳೆಯಲು ನಮ್ಮ ಮನೆಯಾಕೆ ಬಿಸಿನೀರು, ಸೋಪು ತಂದಳು. ಡಾಕ್ಟರು ಆಕೆ ನಡೆದು ಬಂದದ್ದನ್ನೇ ನೋಡುತ್ತಿದ್ದು, “ಅಮ್ಮಾವ್ರೇ, ನೀವು ಹಸುಗಿಂತ ಜಾಸ್ತಿ ಕುಂಟ್ತಾ ಇದೀರಲ್ಲ, ಎಷ್ಟು ದಿನದಿಂದ?” ಎಂದು ಕೇಳಿದರು.

“ಯುಗಾದಿಯಿಂದ ಸಾರ್. ಬೆಳಿಗ್ಗೆ ಎದ್ದಾಗ ಹಿಮ್ಮಡಿ ನೆಲಕ್ಕೆ ಊರಕ್ಕೇ ಆಗಲ್ಲ. ಆಮೇಲೆ ಓಡಾಡ್ತಾ ಓಡಾಡ್ತಾ ಸರಿಹೋಗ್ತದೆ” ಎಂದಳು.

ನಾನು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಇಪ್ಪತ್ತು ವರ್ಷದಿಂದ ಕಾರ್ಯದರ್ಶಿ. ಊರಿನ ಯಾವ ಹಸು ಯಾವಾಗ ಕರು ಹಾಕಿತು, ಯಾವುದಕ್ಕೆ ಕೆಚ್ಚಲು ಬಾವು ಬಂದಿತ್ತು ಎಂಬುದು ನನ್ನ ಬಾಯಲ್ಲೇ ಇರುತ್ತದೆ. ಆದರೆ ನನ್ನ ಮನೆಯಲ್ಲೇ ಒಬ್ಬರು ನಾಲ್ಕು ತಿಂಗಳಿಂದ ಕುಂಟುತ್ತಿರುವುದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಕಂಡಿದ್ದರೂ “ವಯಸ್ಸಾಯ್ತು, ಸ್ವಲ್ಪ ಎಣ್ಣೆ ಹಚ್ಚು” ಎಂದು ಸುಮ್ಮನಾಗಿದ್ದೆ ಎನ್ನುವುದೇ ನಿಜ. ಹಸುವಿಗೆ ಆ ಮಾತು ಹೇಳಲಿಲ್ಲವಲ್ಲ ಎಂದು ಅಂದು ಇಡೀ ದಿನ ಮನಸ್ಸಿಗೆ ಚುಚ್ಚುತ್ತಿತ್ತು.

ಅಂದು ಸಂಜೆ ಡೇರಿಯಲ್ಲಿ ಕುಳಿತು ಹಾಲು ಹಾಕಲು ಬಂದವರ ಕಾಲುಗಳನ್ನು ನೋಡಿದೆ. ಕ್ಯಾನು, ಸ್ಯಾಂಪಲ್ ಬಾಟಲಿ ನೋಡುವ ಜಾಗದಲ್ಲಿ ಕಾಲು ನೋಡಿದ್ದು ಅದೇ ಮೊದಲು. ಹಲವರು ಹಿಮ್ಮಡಿ ಊರದೆ ಮುಂಗಾಲಿನ ಮೇಲೆ ನಡೆಯುತ್ತಿದ್ದರು. ಕೇಳಿದರೆ, “ಅಯ್ಯೋ ಬಿಡಣ್ಣ, ಇದು ಇದ್ದದ್ದೇ” ಎಂದರು. ಇದು “ಇದ್ದದ್ದೇ” ಅಲ್ಲ, ಇದಕ್ಕೆ ಕಾರಣವೂ ಇದೆ, ಚಿಕಿತ್ಸೆಯೂ ಇದೆ, ನಮ್ಮ ಸಂಘ ಮತ್ತು ಒಕ್ಕೂಟಗಳು ಇದರ ಬಗ್ಗೆ ಏನಾದರೂ ಮಾಡಬೇಕು ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ವೈದ್ಯರಿಂದ, ಫಿಸಿಯೋಥೆರಪಿಯವರಿಂದ ಕೇಳಿ ತಿಳಿದು, ಮನೆಯಲ್ಲಿ ಮಾಡಿ ನೋಡಿದ್ದನ್ನು ಮಾತ್ರ ಹೇಳುತ್ತೇನೆ.

ನೋವು ಎಲ್ಲಿಂದ ಬರುತ್ತದೆ?

ನಮ್ಮ ಹಿಮ್ಮಡಿ ಮೂಳೆಯ ತಳದಿಂದ ಹೊರಟು ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿಯಾದ ನಾರಿನ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಇದ್ದ ಹಾಗೆ. ಅಂಗಾಲಿನ ಕಮಾನನ್ನು ಹಿಡಿದು ನಿಲ್ಲಿಸುವುದು ಅದೇ. ನಾವು ಒಂದೊಂದು ಹೆಜ್ಜೆ ಇಟ್ಟಾಗಲೂ ಅದು ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಗಟ್ಟಿ ನೆಲದ ಮೇಲೆ ನಿಂತು, ಭಾರ ಹೊತ್ತು, ವಿಶ್ರಾಂತಿ ಇಲ್ಲದೆ ದುಡಿದಾಗ ಆ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ಸವೆಯುತ್ತದೆ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಇದನ್ನೇ ವೈದ್ಯರು ಪ್ಲಾಂಟರ್ ಫೇಶಿಯೈಟಿಸ್ ಎನ್ನುತ್ತಾರೆ. ಹಿಮ್ಮಡಿಯ ತಳ ನೋಯುವುದಕ್ಕೆ ಅತಿ ಸಾಮಾನ್ಯ ಕಾರಣ ಇದೇ. ಹತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುತ್ತದೆ ಎನ್ನುತ್ತಾರೆ. 40ರಿಂದ 60 ವರ್ಷದವರಲ್ಲಿ ಹೆಚ್ಚು.

ಇದರ ಗುರುತು ಸುಲಭ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಯೇ ಅತಿ ಹೆಚ್ಚು ನೋವು. ಮೊಳೆ ತುಳಿದ ಹಾಗೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆ. ಊಟಕ್ಕೆ ಕುಳಿತು ಎದ್ದಾಗ ಮತ್ತೆ ಬರುತ್ತದೆ. ಸಂಜೆ ಹೊತ್ತಿಗೆ ನಿಂತು ನಿಂತು ಇನ್ನೊಮ್ಮೆ ಹೆಚ್ಚುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಂಡಿರುವುದರಿಂದ ಆ ಪಟ್ಟಿ ಮುದುಡಿಕೊಂಡಿರುತ್ತದೆ. ಎದ್ದು ಕಾಲೂರಿದ ಕೂಡಲೇ ಇಡೀ ಮೈಭಾರ ಬಿದ್ದು ಎಳೆಯುತ್ತದೆ. ಅದಕ್ಕೇ ಬೆಳಗಿನ ನೋವು ಜೋರು. ಓಡಾಡಿದರೆ ಸರಿಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳು ಇದನ್ನು ಕಾಯಿಲೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸರಿಹೋಗಿರುವುದಿಲ್ಲ, ನೋವು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ ಅಷ್ಟೆ.

ಇನ್ನೊಂದು ವಿಷಯವನ್ನು ಹೈನುಗಾರರು ಬೇಗ ಅರ್ಥ ಮಾಡಿಕೊಳ್ಳುತ್ತೀರಿ. ಹಸುವಿನ ಗೊರಸಿನ ಒಳಗೆ ಹಿಂಭಾಗದಲ್ಲಿ ಕೊಬ್ಬಿನ ಒಂದು ಮೆತ್ತೆ ಇರುತ್ತದೆ. ಮೈಭಾರದ ಪೆಟ್ಟನ್ನು ಅದು ತಡೆಯುತ್ತದೆ. ಆ ಮೆತ್ತೆ ತೆಳುವಾದ ಹಸು, ಗಟ್ಟಿ ಕಾಂಕ್ರೀಟ್ ಮೇಲೆ ನಿಂತರೆ ಗೊರಸಿನ ತಳ ಹುಣ್ಣಾಗಿ ಕುಂಟುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಮನುಷ್ಯರ ಹಿಮ್ಮಡಿಯಲ್ಲೂ ಅಂಥದ್ದೇ ಕೊಬ್ಬಿನ ಮೆತ್ತೆ ಇದೆ. ವಯಸ್ಸಾದಂತೆ ಅದೂ ತೆಳುವಾಗುತ್ತದೆ. ಹಸುವಿಗೆ ಕಾಂಕ್ರೀಟ್ ಆಗದು ಎಂದು ರಬ್ಬರ್ ಮ್ಯಾಟು ಹಾಕಿಸಿದೆವು. ಅದೇ ಕಾಂಕ್ರೀಟ್ ಮೇಲೆ ಬರಿಗಾಲಲ್ಲಿ ನಿಂತು ಸಗಣಿ ಬಾಚುವವರಿಗೆ ಏನು ಹಾಕಿಸಿದೆವು?

ನಮ್ಮ ಕೆಲಸದ ರೀತಿಯೇ ಹಾಗಿದೆ

ನಮ್ಮ ಮನೆಯಾಕೆಯ ಒಂದು ದಿನವನ್ನು ನಾನು ಮೊದಲ ಸಲ ಬರೆದು ನೋಡಿದೆ. ಬೆಳಿಗ್ಗೆ ಐದಕ್ಕೆ ಕೊಟ್ಟಿಗೆ. ಸಗಣಿ ಬಾಚುವುದು, ಗಂಜಲದ ಚರಂಡಿ ತೊಳೆಯುವುದು, ಹಸುವಿನ ಮೈ ತೊಳೆಯುವುದು. ತುದಿಗಾಲಲ್ಲಿ ಕುಕ್ಕರುಗಾಲು ಕುಳಿತು ಎರಡು ಹಸುವಿನ ಹಾಲು ಕರೆಯುವುದು. ಹಾಗೆ ಕುಳಿತಾಗ ಕಾಲ್ಬೆರಳು ಹಿಂದಕ್ಕೆ ಮಡಚಿ ಅಂಗಾಲಿನ ಪಟ್ಟಿ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಅಲ್ಲಿಂದ ಕ್ಯಾನು ಹಿಡಿದು ಡೇರಿಗೆ ನಡೆಯುವುದು, ಅಲ್ಲಿ ಸಾಲಿನಲ್ಲಿ ನಿಲ್ಲುವುದು. ಬಂದು ಒಲೆಯ ಮುಂದೆ ನಿಲ್ಲುವುದು. ಹತ್ತರ ಮೇಲೆ ಹೊಲಕ್ಕೆ ಹೋಗಿ ನೇಪಿಯರ್ ಕುಯ್ದು, ತಲೆಹೊರೆಯಲ್ಲಿ ಬದುವಿನ ಮೇಲೆ ತರುವುದು. ಮೇವು ಕತ್ತರಿಸುವ ಯಂತ್ರದ ಮುಂದೆ ಮತ್ತೆ ನಿಲ್ಲುವುದು. ಸಂಜೆ ಇದೇ ಕೆಲಸ ಇನ್ನೊಂದು ಸುತ್ತು. ರಾತ್ರಿ ಪಾತ್ರೆ ತೊಳೆದು ಮಲಗುವವರೆಗೆ ಕುರ್ಚಿಯ ಮೇಲೆ ಕುಳಿತದ್ದು ಊಟಕ್ಕೂ ಇಲ್ಲ.

ತಲೆಯ ಮೇಲೆ ಹೊರೆ ಇದ್ದಾಗ ಆ ಭಾರವೆಲ್ಲ ಹಿಮ್ಮಡಿಗೇ ಬರುತ್ತದೆ. ಕಾಲಲ್ಲಿ ಇರುವುದು ಹಿಂಭಾಗ ಸವೆದು ಕಾಗದವಾಗಿರುವ ಹವಾಯಿ ಚಪ್ಪಲಿ, ಕೊಟ್ಟಿಗೆಯಲ್ಲಿ ಅದೂ ಇಲ್ಲ. ಮೀನಖಂಡದ ಸ್ನಾಯು ಬಿಗಿದುಕೊಂಡಿರುವವರಿಗೆ, ಪಾದ ಚಪ್ಪಟೆ ಇರುವವರಿಗೆ, ಅಥವಾ ಕಮಾನು ಬಹಳ ಎತ್ತರ ಇರುವವರಿಗೆ, ಮೈತೂಕ ಹೆಚ್ಚಿರುವವರಿಗೆ ಈ ನೋವು ಬರುವ ಸಾಧ್ಯತೆ ಇನ್ನೂ ಜಾಸ್ತಿ. ಗಂಡಸರಿಗೆ ಬರುವುದಿಲ್ಲವೆಂದಲ್ಲ. ಕ್ಯಾನು ಎತ್ತುವ ನಮ್ಮ ಹಾಲು ಪರೀಕ್ಷಕರಿಗೂ ಬಂದಿದೆ. ಆದರೆ ಕೊಟ್ಟಿಗೆ ಮತ್ತು ಅಡುಗೆ ಮನೆ ಎರಡೂ ಕಡೆ ನಿಲ್ಲುವವರು ಯಾರು ಎಂದು ನಾವೇ ಕೇಳಿಕೊಳ್ಳಬೇಕು. ಪಾಸ್‌ಬುಕ್ಕಿನಲ್ಲಿ ಹೆಸರು ನನ್ನದು. ಹಾಲಿನ ಹಿಂದಿನ ಕಾಲು ನನ್ನದಲ್ಲ.

ನಾವು ಅಲೆದ ದಾರಿ

ಪಶುವೈದ್ಯರು ಹೇಳಿದ ಮೇಲೆ ಮರುದಿನವೇ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಕಾಲನ್ನು ಮುಟ್ಟಿ ನೋಡುವ ಮೊದಲೇ ಎಕ್ಸ್‌ರೇ ತೆಗೆಸಿದರು. “ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ, ಇದೇ ಚುಚ್ಚುತ್ತಿರುವುದು. ಮುಂದೆ ಆಪರೇಷನ್ ಬೇಕಾಗಬಹುದು” ಎಂದರು. ಹದಿನೈದು ದಿನದ ನೋವಿನ ಮಾತ್ರೆ ಬರೆದರು. ಆಪರೇಷನ್ ಎಂಬ ಮಾತು ಕೇಳಿ ಮನೆಯಾಕೆ ಹೆದರಿ, ಆ ಮೇಲೆ ಆಸ್ಪತ್ರೆಯ ಹೆಸರೆತ್ತಿದರೆ ಬೇಡವೇ ಬೇಡ ಎನ್ನತೊಡಗಿದಳು. ಒಂದು ತಿಂಗಳು ಹಾಗೇ ಹೋಯಿತು.

ಆಮೇಲೆ ಜಿಲ್ಲಾ ಆಸ್ಪತ್ರೆಯ ಮೂಳೆ ವೈದ್ಯರು ಅದೇ ಎಕ್ಸ್‌ರೇ ನೋಡಿ ಸಮಾಧಾನ ಹೇಳಿದರು. ಹಿಮ್ಮಡಿಯಲ್ಲಿ ಮುಳ್ಳಿನಂತೆ ಮೂಳೆ ಬೆಳೆದಿರುವುದು ನೋವೇ ಇಲ್ಲದ ಎಷ್ಟೋ ಜನರಲ್ಲೂ ಇರುತ್ತದೆ. ನೋವು ಇರುವ ಎಷ್ಟೋ ಜನರಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಎಕ್ಸ್‌ರೇಯಲ್ಲಿ ಮುಳ್ಳು ಕಂಡಿತೆಂದು ಅದನ್ನು ಕತ್ತರಿಸಲು ಹೊರಡಬಾರದು. ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಸರಿಯಾದ ವ್ಯಾಯಾಮ, ಚಪ್ಪಲಿ, ಸ್ವಲ್ಪ ವಿಶ್ರಾಂತಿಯಿಂದಲೇ ಆರು ತಿಂಗಳಿಂದ ಒಂದು ವರ್ಷದೊಳಗೆ ಗುಣವಾಗುತ್ತದೆ. “ಬೇಗ ಗುಣ ಆಗೋ ಕಾಯಿಲೆ ಅಲ್ಲಮ್ಮ, ಆದರೆ ಗುಣ ಆಗೋ ಕಾಯಿಲೆ” ಎಂದರು. ಆ ಒಂದು ಮಾತೇ ಅರ್ಧ ಔಷಧಿ.

ಹಿಮ್ಮಡಿಗೆ ಸೂಜಿ ಹಾಕಿಸಿಕೊಳ್ಳುವ ಬಗ್ಗೆಯೂ ಕೇಳಿದೆವು, ಏಕೆಂದರೆ ಊರಿನಲ್ಲಿ ಇಬ್ಬರು ಹಾಕಿಸಿಕೊಂಡಿದ್ದರು. ಸ್ಟೀರಾಯ್ಡ್ ಸೂಜಿಯಿಂದ ಕೆಲವು ವಾರ ನೋವು ಚೆನ್ನಾಗಿ ಇಳಿಯುತ್ತದೆ. ಆದರೆ ಮತ್ತೆ ಮತ್ತೆ ಹಾಕಿಸಿದರೆ ಆ ನಾರಿನ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಬಹುದು. ಬೇಕೇ ಬೇಡವೇ ಎಂಬುದನ್ನು ತಜ್ಞ ವೈದ್ಯರು ತೀರ್ಮಾನಿಸಲಿ. ನೋವು ಇಳಿಯಿತೆಂದು ಮರುದಿನವೇ ಹೊರೆ ಹೊತ್ತರೆ ಮಾತ್ರ ಇದ್ದದ್ದೂ ಹಾಳಾಗುತ್ತದೆ.

ನೋವಿನ ಮಾತ್ರೆಯ ವಿಷಯದಲ್ಲಿ ನಮ್ಮವರು ಬಹಳ ಧಾರಾಳ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು ಎರಡೂ ಇದರಿಂದ ಆಗುತ್ತದೆ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ರಾಸುಗಳಿಗೆ ಕೊಡಬಾರದೆಂದು 2006ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಿದರು. ಅದನ್ನು ಪಡೆದ ರಾಸು ಸತ್ತಾಗ, ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಮನುಷ್ಯರ ದೇಹ ಹದ್ದಿನ ದೇಹದಂತಲ್ಲ, ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡರೆ ಭಯಪಡಬೇಕಿಲ್ಲ. ಆದರೆ ನೋವಿನ ಮಾತ್ರೆ ಕಡಲೆಪುರಿ ಅಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ಹಸುವಿಗೆಂದು ತಂದಿಟ್ಟ ಔಷಧಿಯನ್ನು ಮನುಷ್ಯರು ಬಳಸುವುದಂತೂ ಕೂಡದೇ ಕೂಡದು.

ಮನೆಯಲ್ಲೇ ಮಾಡಬಹುದಾದದ್ದು

ಫಿಸಿಯೋಥೆರಪಿಯ ಹೆಣ್ಣುಮಗಳು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಒಂದು ರೂಪಾಯಿ ಖರ್ಚಿಲ್ಲ.

ಮೊದಲನೆಯದು, ಹಾಸಿಗೆಯಿಂದ ಇಳಿಯುವ ಮುಂಚೆಯೇ ಮಾಡುವುದು. ಎದ್ದು ಕುಳಿತು, ನೋವಿರುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲೆ ಹಾಕಿಕೊಳ್ಳಿ. ಕೈಯಿಂದ ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆದು ಹಿಡಿಯಿರಿ. ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿಯಾದದ್ದು ಇನ್ನೊಂದು ಕೈಗೆ ಸಿಗಬೇಕು. 10 ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ 10 ಸಲ. ದಿನಕ್ಕೆ ಮೂರು ಹೊತ್ತು. ಬೆಳಗಿನದನ್ನು ಮಾತ್ರ ನೆಲಕ್ಕೆ ಕಾಲಿಡುವ ಮುಂಚೆಯೇ ಮಾಡಬೇಕು.

ಎರಡನೆಯದು ಮೀನಖಂಡಕ್ಕೆ. ಗೋಡೆಗೆ ಎರಡೂ ಕೈ ಊರಿ ನಿಲ್ಲಿ. ನೋಯುವ ಕಾಲನ್ನು ಹಿಂದಕ್ಕಿಟ್ಟು, ಮಂಡಿ ನೇರವಾಗಿರಲಿ, ಹಿಮ್ಮಡಿ ನೆಲ ಬಿಡಬಾರದು. ಮುಂದಿನ ಮಂಡಿಯನ್ನು ಬಗ್ಗಿಸುತ್ತಾ ಗೋಡೆಯ ಕಡೆಗೆ ಬಾಗಿ. ಹಿಂದಿನ ಕಾಲಿನ ಮೀನಖಂಡ ಎಳೆದಂತಾದಾಗ 30 ಎಣಿಸುವವರೆಗೆ ನಿಲ್ಲಿ. ಮೂರು ಸಲ ಮಾಡಿ.

ಮೂರನೆಯದು, ಒಂದು ನೀರಿನ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ, ಬಟ್ಟೆ ಸುತ್ತಿ, ಕುಳಿತುಕೊಂಡು ಅಂಗಾಲಿನ ಕೆಳಗೆ ಹಿಂದಕ್ಕೂ ಮುಂದಕ್ಕೂ ಉರುಳಿಸಿ. ಸಂಜೆ ಕೆಲಸ ಮುಗಿದ ಮೇಲೆ 10ರಿಂದ 15 ನಿಮಿಷ ಸಾಕು. ಫ್ರಿಜ್ಜಿಲ್ಲದಿದ್ದರೆ ಮಕ್ಕಳಾಡುವ ಗಟ್ಟಿ ಚೆಂಡಾದರೂ ಆದೀತು.

ನೋವು ಸ್ವಲ್ಪ ಇಳಿದ ಮೇಲೆ ನಾಲ್ಕನೆಯದು. ಟವೆಲನ್ನು ಸುರುಳಿ ಸುತ್ತಿ ಮೆಟ್ಟಿಲಿನ ಅಂಚಿನಲ್ಲಿಟ್ಟು, ಕಾಲ್ಬೆರಳುಗಳನ್ನು ಅದರ ಮೇಲಿಟ್ಟು, ಗೋಡೆ ಹಿಡಿದು, ಹಿಮ್ಮಡಿಯನ್ನು 3 ಎಣಿಸುತ್ತಾ ಮೇಲೆತ್ತಿ, 2 ಎಣಿಸುವಷ್ಟು ನಿಂತು, 3 ಎಣಿಸುತ್ತಾ ಇಳಿಸಿ. ಮೊದಲು ಎರಡೂ ಕಾಲಿನಲ್ಲಿ, ಶಕ್ತಿ ಬಂದ ಮೇಲೆ ಒಂದೇ ಕಾಲಿನಲ್ಲಿ. ಒಂದು ಸುತ್ತಿಗೆ 12 ಸಲ, ದಿನ ಬಿಟ್ಟು ದಿನ. ಪಟ್ಟಿಗೆ ಬಲ ಬರುವುದು ಇದರಿಂದ.

ನಮ್ಮಲ್ಲಿ ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತುವ ರೂಢಿಯಿದೆ. ಬಿಸಿಗೆ ಹಿತವೆನಿಸುವುದು ಸಹಜ. ಆದರೆ ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ. ಚರ್ಮ ಸುಟ್ಟರೂ ಗೊತ್ತಾಗದೆ, ಆ ಸುಟ್ಟ ಗಾಯವೇ ಕಾಲನ್ನು ತೆಗೆಯುವವರೆಗೆ ಹೋಗಬಹುದು. ಅಂಥವರು ಬಿಸಿ ಇಟ್ಟಿಗೆಯನ್ನೂ, ಮಂಜುಗಡ್ಡೆಯನ್ನೂ ಮುಟ್ಟಬಾರದು. ಎಕ್ಕದ ಹಾಲು ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಉರಿ, ಬೊಬ್ಬೆ ಬರುತ್ತದೆ ಎಂಬುದೂ ನೆನಪಿರಲಿ.

ಎಲ್ಲ ಹಿಮ್ಮಡಿ ನೋವೂ ಒಂದೇ ಅಲ್ಲ

ಕೆಲವು ಗುರುತು ಕಂಡರೆ ವ್ಯಾಯಾಮ ಮಾಡುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಬಿದ್ದ ಮೇಲೆ ಅಥವಾ ಹಸು ತುಳಿದ ಮೇಲೆ ಕಾಲೂರಲು ಆಗದಿದ್ದರೆ ಮೂಳೆ ಬಿರುಕು ಬಿಟ್ಟಿರಬಹುದು. ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಕೆಂಪಾಗಿ ಊದಿ ಜ್ವರ ಬಂದರೆ, ಪಾದ ಜೋಮು ಹಿಡಿದು ಉರಿದರೆ ತಡ ಮಾಡಬೇಡಿ. ವಯಸ್ಸಿನ ಹುಡುಗರಿಗೆ ಎರಡೂ ಹಿಮ್ಮಡಿ ನೋವಿದ್ದು, ಬೆಳಿಗ್ಗೆ ಸೊಂಟವೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮರಗಟ್ಟಿದಂತಿದ್ದರೆ ಅದು ಬೆನ್ನಿನ ಒಂದು ಬಗೆಯ ವಾತರೋಗ ಇರಬಹುದು.

ಹೈನುಗಾರರಿಗೆ ಇನ್ನೂ ಒಂದು ಮಾತು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು ಸೇರಿಕೊಂಡಿದ್ದರೆ, “ನಾವು ಹಸು ಸಾಕಿದ್ದೇವೆ, ಕಂದು ಹಾಕಿದ ಹಸುವಿನ ಮಾಸು ಕೈಯಲ್ಲಿ ತೆಗೆದಿದ್ದೇವೆ” ಎಂದು ವೈದ್ಯರಿಗೆ ತಪ್ಪದೆ ಹೇಳಿ. ಬ್ರುಸೆಲ್ಲೋಸಿಸ್ ಹಸುವಿನಿಂದ ಮನುಷ್ಯರಿಗೆ ಬರುತ್ತದೆ, ರಕ್ತ ಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಿ ಎಂದು ನಾವು ಹೇಳುವುದು ಹಸುವಿಗಾಗಿ ಮಾತ್ರ ಅಲ್ಲ.

ಹಿಮ್ಮಡಿ ಒಡಕನ್ನೂ ಉದಾಸೀನ ಮಾಡಬೇಡಿ. ಸಗಣಿ, ಗಂಜಲದ ನೀರಿನಲ್ಲಿ ಒಡೆದ ಕಾಲಿಟ್ಟರೆ ಬಿರುಕಿನ ಮೂಲಕ ಧನುರ್ವಾಯು, ಇಲಿಜ್ವರದ ಸೋಂಕು ಒಳಗೆ ಹೋಗಬಹುದು. ರಾತ್ರಿ ಕಾಲು ತೊಳೆದು, ಚೆನ್ನಾಗಿ ಒರೆಸಿ, ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಕೆಲವೇ ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಕೊಟ್ಟಿಗೆಗೆ ಚಪ್ಪಲಿಯೇ?

ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ಆದದ್ದು ಇದರ ಮೇಲೆ. “ಲಕ್ಷ್ಮಿ ಇರೋ ಜಾಗಕ್ಕೆ ಎಕ್ಕಡ ಮೆಟ್ಕೊಂಡು ಹೋಗ್ತಾರೇನೋ?” ಎಂದು ನಮ್ಮವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ಭಾವನೆಯನ್ನು ನಾನು ಹಗುರ ಮಾಡುವುದಿಲ್ಲ. ಅದೇ ಭಕ್ತಿಯಿಂದಲೇ ಅವಳು ನಲವತ್ತು ವರ್ಷ ಹಸು ಸಾಕಿದ್ದು. ಆದರೆ ಹೊರಗೆ ಓಡಾಡಿದ ಚಪ್ಪಲಿ ಬೇರೆ, ಕೊಟ್ಟಿಗೆಗೆಂದೇ ಇಟ್ಟ ಚಪ್ಪಲಿ ಬೇರೆ. ಸಂತೆ, ಜಾತ್ರೆ, ಬೇರೆಯವರ ಕೊಟ್ಟಿಗೆ ಸುತ್ತಿ ಬಂದ ಕಾಲಲ್ಲಿ, ಚಪ್ಪಲಿಯಲ್ಲಿ ಕಾಲುಬಾಯಿ ಜ್ವರದ ಸೋಂಕು ನಮ್ಮ ಕೊಟ್ಟಿಗೆಗೆ ಬರುತ್ತದೆ. ಕೊಟ್ಟಿಗೆಯ ಬಾಗಿಲಲ್ಲೇ ಒಂದು ಜೊತೆ ಇಟ್ಟು, ಒಳಗೆ ಮಾತ್ರ ಹಾಕಿ, ದಿನವೂ ತೊಳೆದರೆ ಅದು ಹಸುವಿಗೂ ರಕ್ಷಣೆ, ಕಾಲಿಗೂ ರಕ್ಷಣೆ. ಹೀಗೆ ಹೇಳಿದ ಮೇಲೆ ಅವ್ವ ಒಪ್ಪಿದಳೆನ್ನಲಾರೆ, ಸುಮ್ಮನಾದಳು. ಅವಳು ಇಂದಿಗೂ ಬರಿಗಾಲಲ್ಲೇ ಹೋಗಿ ಹಸುವಿಗೆ ಅರಿಶಿನ ಕುಂಕುಮ ಇಡುತ್ತಾಳೆ. ಸೊಸೆ ಮಾತ್ರ ಚಪ್ಪಲಿ ಹಾಕಿಕೊಂಡೇ ಸಗಣಿ ಬಾಚುತ್ತಾಳೆ.

ಚಪ್ಪಲಿ ಎಂದರೆ ತೆಳ್ಳನೆಯ ಹವಾಯಿ ಅಲ್ಲ. ಹಿಮ್ಮಡಿಯ ಕೆಳಗೆ ಮೆತ್ತಗೆ, ದಪ್ಪವಾಗಿ, ಮುಂಭಾಗಕ್ಕಿಂತ ಸ್ವಲ್ಪ ಎತ್ತರವಾಗಿರಬೇಕು. ಅಂಗಾಲಿನ ಕಮಾನಿಗೆ ಆಸರೆ ಇರಬೇಕು. ಹಿಂಬದಿ ಪಟ್ಟಿ ಇರಬೇಕು. ಕೊಟ್ಟಿಗೆಗಾದರೆ ನೀರಿನಲ್ಲಿ ಜಾರದಂಥ ಗೀರುಗಳಿರುವ ತಳ ಬೇಕು. ನಾವು ತಂದದ್ದಕ್ಕೆ 350 ರೂಪಾಯಿ ಆಯಿತು. ಒಂದು ಚೀಲ ಪಶು ಆಹಾರಕ್ಕೆ ಅದಕ್ಕಿಂತ ಹೆಚ್ಚು ಕೊಡುತ್ತೇವೆ.

ಕೆಲಸ ಹಂಚಿಕೊಳ್ಳದೆ ಔಷಧಿ ಹತ್ತದು

ವೈದ್ಯರು “ವಿಶ್ರಾಂತಿ ತಗೊಳ್ಳಿ” ಎಂದು ಸುಲಭವಾಗಿ ಬರೆದುಬಿಡುತ್ತಾರೆ. ಎರಡು ಕರೆಯುವ ಹಸು ಇರುವ ಮನೆಯಲ್ಲಿ ಆ ವಿಶ್ರಾಂತಿ ಎಲ್ಲಿಂದ ಬರಬೇಕು? ಇನ್ನೊಬ್ಬರು ಆ ಕೆಲಸ ಮಾಡಿದರೆ ಮಾತ್ರ ಬರುತ್ತದೆ. ಮೇವಿನ ಹೊರೆಯನ್ನು ನಾನು ತರುವುದೆಂದು ಒಪ್ಪಂದವಾಯಿತು. ಮೊದಲ ಹದಿನೈದು ದಿನದಲ್ಲಿ ನಾಲ್ಕೈದು ಸಲ ಮರೆತೆ, ಆಕೆಯೇ ಹೋಗಿ ತಂದಳು. ಆಮೇಲೆ ಒಂದು ತಳ್ಳುಗಾಡಿ ಕೊಂಡೆ. ಹಾಲು ಕರೆಯಲು ಒಂದು ಗಿಡ್ಡ ಮರದ ಮಣೆ ಮಾಡಿಸಿದೆ. ಸವೆದ ಹಳೆಯ ರಬ್ಬರ್ ಮ್ಯಾಟನ್ನು ತೊಳೆದು ಬಿಸಿಲಿಗೆ ಒಣಗಿಸಿ, ಕತ್ತರಿಸಿ, ಮೇವು ಕತ್ತರಿಸುವ ಯಂತ್ರದ ಮುಂದೆ ಒಂದು, ಹೊರಗಿನ ಪಾತ್ರೆ ತೊಳೆಯುವ ಕಲ್ಲಿನ ಮುಂದೆ ಒಂದು ಹಾಕಿದೆ. ದೀಪಾವಳಿ ಹೊತ್ತಿಗೆ ನೋವು ಅರ್ಧ ಇಳಿಯಿತು. ಶಿವರಾತ್ರಿ ಹೊತ್ತಿಗೆ ಬೆಳಿಗ್ಗೆ ಎದ್ದು ಗೋಡೆ ಹಿಡಿಯದೆ ನಡೆಯುತ್ತಿದ್ದಳು. ಈಗಲೂ ಹೆಚ್ಚು ನಿಂತ ದಿನ ಸ್ವಲ್ಪ ನೋಯುತ್ತದೆ. ವ್ಯಾಯಾಮ ಬಿಟ್ಟಿಲ್ಲ.

ಸಂಘಕ್ಕೆ, ಒಕ್ಕೂಟಕ್ಕೆ ನನ್ನ ಕೋರಿಕೆ

“ಒಕ್ಕೂಟ ಇರುವುದು ಹಾಲಿಗಾಗಿ, ಆರೋಗ್ಯ ಇಲಾಖೆಯ ಕೆಲಸ ನಮಗೇಕೆ?” ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹಸುವಿಗೆ ವಿಮೆ, ಲಸಿಕೆ, ತುರ್ತು ಚಿಕಿತ್ಸೆ, ರಿಯಾಯಿತಿ ದರದ ಮ್ಯಾಟು ಇವೆಲ್ಲ ಕೊಡುವುದು ಹಾಲು ನಿಲ್ಲಬಾರದೆಂದು. ಕರೆಯುವ ಕೈ, ನಿಲ್ಲುವ ಕಾಲು ಸೋತರೆ ಆಗಲೂ ಹಾಲು ನಿಲ್ಲುತ್ತದೆ. “ನನ್ನ ಕೈಲಾಗ್ತಿಲ್ಲ, ಹಸು ಮಾರಿಬಿಡಿ” ಎಂದು ಮನೆಯ ಹೆಂಗಸು ಹೇಳಿದ ದಿನ ಕೊಟ್ಟಿಗೆ ಖಾಲಿಯಾದ ಮನೆಗಳನ್ನು ನಾನು ಕಂಡಿದ್ದೇನೆ. ಆ ಸದಸ್ಯರ ಹಾಲು ಯಾಕೆ ನಿಂತಿತೆಂದು ನಮ್ಮ ಯಾವ ರಿಜಿಸ್ಟರಿನಲ್ಲೂ ಬರೆದಿರುವುದಿಲ್ಲ.

ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆ ನಮಗೆ ದೊಡ್ಡ ಆಸರೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗಳಿಗೆ. ಆಪರೇಷನ್ ಬೇಡದ, ಆದರೆ ದಿನವೂ ಸುಸ್ತು ಮಾಡುವ ಹಿಮ್ಮಡಿ, ಮಂಡಿ, ಸೊಂಟ ನೋವುಗಳಿಗೆ ಊರಿನಲ್ಲೇ ಏನಾದರೂ ಆಗಬೇಕು. ನಾನು ಕೇಳುವುದು ದೊಡ್ಡ ಬಜೆಟ್ಟಿನ ಕೆಲಸವಲ್ಲ.

ಬರಡು ರಾಸುಗಳ ಚಿಕಿತ್ಸಾ ಶಿಬಿರ ನಡೆಸುವ ದಿನ, ಅದೇ ಶಾಮಿಯಾನದ ಕೆಳಗೆ ಒಬ್ಬ ಫಿಸಿಯೋಥೆರಪಿಯವರನ್ನು ಕೂರಿಸಿ. ಮಹಿಳಾ ಸಂಘಗಳಿಂದಲೇ ಶುರುವಾಗಲಿ. ಪಶು ಆಹಾರವನ್ನು ಹಾಲಿನ ಬಟವಾಡೆಯಲ್ಲಿ ಕಡಿತ ಮಾಡಿಕೊಂಡು ಕೊಡುವಂತೆ, ಕೊಟ್ಟಿಗೆ ಚಪ್ಪಲಿಯನ್ನೂ ಸಗಟು ದರದಲ್ಲಿ ತರಿಸಿ ಕೊಡಿ. ಮ್ಯಾಟು ಕೊಡುವಾಗ, ಕೆಲಸ ಮಾಡುವವರು ನಿಲ್ಲಲು ಒಂದು ಸಣ್ಣ ತುಂಡನ್ನು ಸೇರಿಸಿ. ಪ್ರತಿ ಸಂಘದ ಮುಂದೆ ಹಾಲು ಹಾಕಲು ಕಾಯುವವರಿಗೆ ಒಂದು ಬೆಂಚು ಹಾಕಿಸಿ. ಈ ಕೊನೆಯದಕ್ಕೆ ಯಾರ ಅಪ್ಪಣೆಯೂ ಬೇಡ, ಆಡಳಿತ ಮಂಡಳಿಯ ಒಂದು ನಿರ್ಣಯ ಸಾಕು. ನಮ್ಮ ಸಂಘದಲ್ಲಿ ಕಳೆದ ತಿಂಗಳು ಎರಡು ಬೆಂಚು ಹಾಕಿಸಿದೆವು. ಮೊದಲ ದಿನ ಗಂಡಸರೇ ಕುಳಿತಿದ್ದರು. ಹಾಲು ಪರೀಕ್ಷಕರು ಎದ್ದು ಬಂದು ಅವರನ್ನು ಏಳಿಸಬೇಕಾಯಿತು.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯವನ್ನು ನಿಮ್ಮ ನಿಮ್ಮ ಸಂಘಗಳಲ್ಲಿ ಎತ್ತಬೇಕೆಂದು ಹೈನುಗಾರ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ. ಅದಕ್ಕೂ ಮುಂಚೆ, ನಾಳೆ ಬೆಳಿಗ್ಗೆ ಐದು ಗಂಟೆಗೆ ನೀವೂ ಎದ್ದು, ಮನೆಯಲ್ಲಿ ಮೊದಲು ಎದ್ದು ಕೊಟ್ಟಿಗೆಗೆ ಹೋಗುವವರು ಹೇಗೆ ನಡೆಯುತ್ತಾರೆ ಎಂದು ಒಮ್ಮೆ ನೋಡಿ. ಗೋಡೆ ಹಿಡಿದು, ಹಿಮ್ಮಡಿ ಎತ್ತಿ ನಡೆಯುತ್ತಿದ್ದರೆ, ಎಷ್ಟು ದಿನದಿಂದ ಎಂದು ಕೇಳಿ.